ಸುಗುಣ ಟೀಚರ್ ಜರ್ಮನಿಯಲ್ಲಿ ಕೂಗಿದ ಏಲಂ

ವಿದೇಶಕ್ಕೆ ಹೋಗಿ ಬಂದವರನ್ನು ಏನು ತಂದಿರಿ ಎಂದು ಎಲ್ಲರೂ ಕೇಳುತ್ತಾರೆ. ಏನು ಕೊಂಡುಹೋಗಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ನಾವು ಮೂವರು ಪಶ್ಚಿಮ ಜರ್ಮನಿಗೆ ಹೋದಾಗ ನಮ್ಮೊಡನೆ ಒಂದು ಸಾಂಬಾರು ಸೌತೆ ಇತ್ತು. ಬಾಳೆನಾರಿನಲ್ಲಿ ಕಟ್ಟಿ ಅಡಿಗೆಮನೆಯ ಅಡ್ಡತೊಲೆಗೆ ತೂಗಹಾಕಿದರೆ ಮಳೆಗಾಲವಿಡೀ ಕೆಡದೆ ಉಳಿಯುವ ಜಾತಿ, ಹಳದಿ ಮೈಯ ಮೇಲೆ ಹಸಿರು ಪಟ್ಟೆಯದು. ಅದನ್ನು ತಂದವರು ಸುಗುಣ ಟೀಚರ್. ಅಲ್ಲಿ ನಡೆದದ್ದೆಲ್ಲ ಅದರಿಂದಲೇ ಶುರುವಾದದ್ದರಿಂದ ನಾನೂ ಅದರಿಂದಲೇ ಶುರುಮಾಡುತ್ತೇನೆ.

ನಾನು ಮೂಡಬಿದಿರೆಯವನು, ಜೈನ, ಮಂಗಳೂರಿನ ಪತ್ರಿಕೆಯೊಂದರ ವರದಿಗಾರ. ಹಿಂದೆ ನಮ್ಮ ಜಿಲ್ಲೆಗೆ ಪಾದ್ರಿಗಳನ್ನು ಕಳಿಸುತ್ತಿದ್ದ ಜರ್ಮನಿಯ ಮಿಷನ್ನಿನವರು ಕೆಲವು ವರ್ಷಗಳಿಗೊಮ್ಮೆ ಇಲ್ಲಿಂದ ಅತಿಥಿಗಳನ್ನು ಕರೆಸಿಕೊಳ್ಳುವುದುಂಟು. ಈ ಬಾರಿಯ ವಿಷಯ ಯುವಜನ. ಒಬ್ಬ ಪಾದ್ರಿ, ಯುವಜನರ ನಡುವೆ ಕೆಲಸ ಮಾಡುವವರು ಒಬ್ಬರು, ಜೊತೆಗೆ ಕ್ರೈಸ್ತರಲ್ಲದ ಒಬ್ಬ ಪತ್ರಕರ್ತ ಬರಲಿ ಎಂದು ಕೇಳಿದ್ದರು. ಪಾದ್ರಿ ಎಂದರೆ ಪ್ರಭಾಕರ ಅಯ್ಯನವರು. ಯುವಜನರ ಕೆಲಸ ಎಂದರೆ ಸುಗುಣ ಟೀಚರ್. ನನ್ನ ಹೆಸರು ಹೇಳಿದವರು ಟೀಚರೇ. ಐದನೇ ಕ್ಲಾಸಿನಲ್ಲಿ ನನಗೆ ಪಾಠ ಮಾಡಿದವರು ಅವರು.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ

ಎಪ್ಪತ್ತರ ದಶಕದ ಆರಂಭದಲ್ಲಿ ಟೀಚರ್ ಶಾಲೆ ಬಿಟ್ಟು ತಮ್ಮ ಸಭೆಯ ಯುವಜನ ಕೆಲಸಕ್ಕೆ ಸೇರಿದರು. ಪ್ರೊಟೆಸ್ಟೆಂಟರು ತಮ್ಮ ಚರ್ಚಿನ ಜನರನ್ನು ಸಭೆ ಎನ್ನುತ್ತಾರೆ. ಈ ಮೂರು ಊರುಗಳ ಸುತ್ತ ಆ ಸಭೆ ದೊಡ್ಡದಲ್ಲ. ಇಲ್ಲಿ ನಾಲ್ಕು ಮನೆ, ಅಲ್ಲಿ ಎರಡು. ಬಂಟ್ವಾಳದ ಹೊಳೆ ಬದಿಯಲ್ಲಿ ಬೀಡಿ ಕಟ್ಟುವ ಹುಡುಗಿಯರು, ಬೆಳ್ತಂಗಡಿಯ ಕಡೆ ರಬ್ಬರ್ ತೋಟದ ಕೂಲಿಗಳ ಲೈನ್ ಮನೆಗಳ ಹುಡುಗರು, ಮೂಡಬಿದಿರೆಯಲ್ಲಿ ಶಿಕ್ಷಕರ ಮಕ್ಕಳು. ಇವರನ್ನೆಲ್ಲ ಒಟ್ಟುಹಾಕಲು ಟೀಚರ್ ಶನಿವಾರ ಬಸ್ಸು ಹತ್ತಿದರೆ ಸೋಮವಾರ ಮನೆ ಸೇರುತ್ತಿದ್ದರು. ಕೂಟ ನಡೆಯುತ್ತಿದ್ದದ್ದು ಯಾರದೋ ಜಗಲಿಯಲ್ಲಿ, ಇಲ್ಲದಿದ್ದರೆ ಗೇರುಮರದ ಕೆಳಗೆ. ಹಾಡು, ಬೈಬಲ್ ಓದು ಆದ ಮೇಲೆ ಟೈಪಿಂಗ್ ಕಲಿಯಲು ಯಾರು ಹೋಗಬಹುದು, ಮದುವೆ ಬೇಡವೆಂದ ಹುಡುಗಿಯ ತಂದೆಯ ಹತ್ತಿರ ಯಾರು ಮಾತಾಡಬೇಕು ಎಂಬ ಚರ್ಚೆ. ನೇತ್ರಾವತಿ ಉಕ್ಕಿ ಬಂಟ್ವಾಳದ ಪೇಟೆಗೆ ನುಗ್ಗಿದ ವರ್ಷ ಈ ಹುಡುಗರೇ ಶಾಲೆಯೊಂದರಲ್ಲಿ ಗಂಜಿ ಬೇಯಿಸಿ ಎಲ್ಲ ಜಾತಿಯವರಿಗೂ ಬಡಿಸಿದ್ದನ್ನು ನಾನು ವರದಿ ಮಾಡಿದ್ದೇನೆ.

ಅವರ ಕೆಲಸದ ಕೇಂದ್ರ ಏಲಂ. ಬೆಳೆಹಬ್ಬದ ದಿನ ಸಭೆಯವರು ತಮ್ಮ ಮೊದಲ ಫಲವನ್ನು ಚರ್ಚಿಗೆ ತರುತ್ತಾರೆ. ತೆಂಗಿನಕಾಯಿ, ಬಾಳೆಗೊನೆ, ಕೋಳಿ, ಸುವರ್ಣಗೆಡ್ಡೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದನ್ನು ಏಲಂ ಹಾಕುತ್ತಾರೆ. ಗೆದ್ದವನು ವಸ್ತುವನ್ನು ಮನೆಗೆ ಒಯ್ಯುವುದಿಲ್ಲ. ಹಣ ಕೊಟ್ಟು ತಿರುಗಿ ಮೇಜಿನ ಮೇಲಿಡುತ್ತಾನೆ. ಮತ್ತೆ ಏಲಂ. ಬಡವಳೊಬ್ಬಳು ತಂದ ಒಂದು ಮೊಟ್ಟೆ ಹೀಗೆ ಅಂಗಳವಿಡೀ ಸುತ್ತಿ ಕೊನೆಗೆ ಬಾಳೆಗೊನೆಗಿಂತ ಹೆಚ್ಚಿನದಾಗುತ್ತದೆ. ಅವಳು ತಲೆ ಎತ್ತಿ ಮನೆಗೆ ಹೋಗುತ್ತಾಳೆ. ಟೀಚರ್ ಇದನ್ನು ವರ್ಷಕ್ಕೊಮ್ಮೆಯ ಹಬ್ಬದಿಂದ ತೆಗೆದು ತಮ್ಮ ಪ್ರತಿ ಕೂಟಕ್ಕೂ ತಂದರು. ಕೂಗುವವರು ಅವರೇ. ತುಳುವಿನಲ್ಲಿ ಒಂಜಿ ಸರ್ತಿ, ರಡ್ಡ್ ಸರ್ತಿ, ಅಂದರೆ ಒಂದು ಸಲ, ಎರಡು ಸಲ ಎಂದು ಎಳೆದು ನಿಲ್ಲಿಸಿ, ಮೂಜಿ ಸರ್ತಿ ಎನ್ನುವ ಮೊದಲು ಅಂಗಳವನ್ನೊಮ್ಮೆ ಪೂರ್ತಿ ನೋಡುತ್ತಿದ್ದರು. ಮಾತು ಬಿಟ್ಟ ಇಬ್ಬರನ್ನು ಒಬ್ಬರ ಮೇಲೊಬ್ಬರು ಕೂಗುವಂತೆ ಮಾಡಿ, ಇಬ್ಬರೂ ನಗುವವರೆಗೆ ಬಿಡುತ್ತಿರಲಿಲ್ಲ.

ಇದೆಂಥ ಧರ್ಮದ ಕೆಲಸ ಎಂದು ನಾನೊಮ್ಮೆ ತಮಾಷೆಗೆ ಕೇಳಿದ್ದೆ.

“ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿರ್ತಾರೆ ಪದ್ಮ” ಎಂದು ಶಾಲೆಯಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು ಹಿಡಿದೇ ಹೇಳಿದ್ದರು. “ಯಾರಿಗೆ ಏನು ಕಷ್ಟ ಉಂಟು ಅಂತ ಗೊತ್ತಾಗುವುದಿಲ್ಲ. ಏಲಕ್ಕೆ ಯಾರೂ ಕಣ್ಣು ಮುಚ್ಚುವುದಿಲ್ಲ.”

ನಾವು ಹೊರಡುವ ಹೊತ್ತಿಗೆ ಈ ಕೆಲಸ ಅವರ ಕೈತಪ್ಪುವುದರಲ್ಲಿತ್ತು. ಮುಂದಿನ ಮಾರ್ಚಿನಿಂದ ಯುವಜನ ಕೆಲಸವನ್ನು ಹೊಸದಾಗಿ ದೀಕ್ಷೆ ಪಡೆದ ತರುಣ ಪಾದ್ರಿಯೊಬ್ಬರಿಗೆ ಕೊಟ್ಟು, ಟೀಚರನ್ನು ಹುಡುಗಿಯರ ಬೋರ್ಡಿಂಗಿನ ಅಡಿಗೆಯ ಮೇಲ್ವಿಚಾರಣೆಗೆ ಹಾಕುವುದೆಂದು ಇಲ್ಲಿಯ ಸಮಿತಿ ತೀರ್ಮಾನಿಸಿತ್ತು. ತಪ್ಪೇನೂ ಹೇಳಿರಲಿಲ್ಲ. ಗಂಡಸು ಸಿಗುವವರೆಗೆ ಹೆಂಗಸು ನಡೆಸಿದ್ದಾರೆ, ಈಗ ಗಂಡಸು ಸಿಕ್ಕಿದ್ದಾರೆ, ಅಷ್ಟೆ. ಆದರೆ ಆ ಕೆಲಸಕ್ಕೆ ಜರ್ಮನಿಯವರ ನೆರವು ಇನ್ನೂ ಇತ್ತು. ಅಲ್ಲಿಯ ಹಿರಿಯರು ಒಂದು ಮಾತು ಹೇಳಿದರೆ ತೀರ್ಮಾನ ನಿಲ್ಲುತ್ತದೆಂದು ಸಮಿತಿಗೂ ಗೊತ್ತಿತ್ತು, ಟೀಚರಿಗೂ ಗೊತ್ತಿತ್ತು. ಪ್ರವಾಸದ ಕೊನೆಯ ಸಭೆಯಲ್ಲಿ ಆ ಹಿರಿಯರೆಲ್ಲ ಕೂತಿರುತ್ತಾರೆ, ಅಲ್ಲಿ ಟೀಚರಿಗೆ ಮಾತಾಡಲು ಕಾಲು ಗಂಟೆ ಎಂದು ಕಾರ್ಯಕ್ರಮದಲ್ಲಿ ಅಚ್ಚಾಗಿತ್ತು.

“ನಾನು ಊರು ನೋಡ್ಲಿಕ್ಕೆ ಹೋಗುವುದಲ್ಲ. ಆ ಕಾಲು ಗಂಟೆಗೆ ಹೋಗುವುದು” ಎಂದು ಟೀಚರ್ ಬಜಪೆಯಲ್ಲಿ ವಿಮಾನ ಹತ್ತುವ ಮೊದಲೇ ನನಗೆ ಹೇಳಿದರು. ಪ್ರಭಾಕರ ಅಯ್ಯನವರು ಸ್ವಲ್ಪ ದೂರದಲ್ಲಿ ಪಾಸ್‌ಪೋರ್ಟ್ ಎಣಿಸುತ್ತಿದ್ದರು. ಅವರು ಆ ಸಮಿತಿಯ ಸದಸ್ಯರು.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದ ಸುಂಕದವನು ಟೀಚರ ಚೀಲದಿಂದ ಸೌತೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟ. ತಟ್ಟಿ ನೋಡಿದ. ಮೂಸಿದ. ಇನ್ನೊಬ್ಬನನ್ನು ಕರೆದ. ಅವನೂ ತಟ್ಟಿದ. ಬಾಳೆನಾರಿನ ಕಟ್ಟು ಅವರಿಗೆ ಸೌತೆಗಿಂತ ಹೆಚ್ಚು ಅನುಮಾನ ತಂದಂತಿತ್ತು. ಟೀಚರ್ ತಮ್ಮ ಇಂಗ್ಲಿಷಿನಲ್ಲಿ ಅದು ತರಕಾರಿ, ಇದೇ ದೇಶದ ಮುದುಕಿಯೊಬ್ಬರಿಗೆ ತಂದದ್ದು, ಅವರಿಗೆ ಇದರ ಹುಳಿ ಇಷ್ಟ ಎಂದು ವಿವರಿಸಿದರು. ಆ ಮುದುಕಿ ಎಷ್ಟು ವರ್ಷ ಭಾರತದಲ್ಲಿದ್ದರು, ಯಾವ ಬಾವಿಯ ನೀರು ಕುಡಿಯುತ್ತಿದ್ದರು ಎಂಬಲ್ಲಿಗೆ ಬಂದಾಗ ಅವನು ಕೈಮುಗಿಯುವುದೊಂದು ಬಾಕಿ, ಸೌತೆಯನ್ನು ತಿರುಗಿ ಚೀಲಕ್ಕಿಟ್ಟ.

“ಕೊಂಡುಹೋಗಲಿಕ್ಕೆ ಬಿಟ್ಟ ಅಲ್ವಾ, ಒಳ್ಳೆಯವ” ಎಂದರು ಟೀಚರ್.

“ನಿಮ್ಮ ಭಾಷಣ ತಡೆಯದೆ ಬಿಟ್ಟದ್ದು ಟೀಚರ್” ಎಂದರು ಅಯ್ಯನವರು. ಮೂವರೂ ನಕ್ಕೆವು. ಮುಂದೆ ಆ ಮಾತು ನನಗೆ ಬೇರೆ ರೀತಿ ನೆನಪಾಯಿತು.

ಅಲ್ಲಿಂದ ರೈಲು. ನಮ್ಮ ಎದುರು ಕೂತಿದ್ದ ದಂಪತಿ ಇಳಿಯುವವರೆಗೆ ಒಂದು ಮಾತಾಡಲಿಲ್ಲ. ಬೆಳ್ತಂಗಡಿಯ ಬಸ್ಸಿನಲ್ಲಿ ಫರಂಗಿಪೇಟೆ ಮುಟ್ಟುವುದರೊಳಗೆ ಪಕ್ಕದವನ ಮಗಳ ಮದುವೆ ಎಲ್ಲಿ ನಿಂತುಹೋಯಿತೆಂದು ತಿಳಿದಿರುತ್ತದೆ. ಇಲ್ಲಿ ಇಡೀ ಡಬ್ಬಿಯೇ ಪರೀಕ್ಷೆಯ ಕೋಣೆಯಂತಿತ್ತು. ಹಳಿಯ ಬದಿಯ ಮರಗಳ ಕೆಳಗೆ ಸೇಬು ಉದುರಿ ಹರಡಿತ್ತು. ಹೆಕ್ಕುವವರಿಲ್ಲ. ಟೀಚರ್ ಕಿಟಕಿಗೆ ಹಣೆ ಹಚ್ಚಿ ಅದನ್ನೇ ನೋಡುತ್ತಿದ್ದರು.

ನಮ್ಮನ್ನು ಮೊದಲು ಇಳಿಸಿದ್ದು ಒಂದು ಹಳ್ಳಿಯ ಮನೆಯಲ್ಲಿ. ಮೊದಲ ಬೆಳಿಗ್ಗೆ ಟೀಚರ್ ನೆಗಡಿಯೊಂದಿಗೆ ಎದ್ದರು. ಹಾಸಿಗೆಯ ಮೇಲೆ ದಿಂಬಿನ ಹಾಗೆ ಉಬ್ಬಿದ ಗರಿಯ ಚೀಲವೊಂದಿತ್ತು. ಅದು ಹೊದೆಯುವುದೆಂದು ತಿಳಿಯದೆ ಅವರು ಅದರ ಮೇಲೆಯೇ ಮಲಗಿ, ಸೀರೆ ಹೊದ್ದು ಬೆಳಗು ಮಾಡಿದ್ದರು. ಅತಿಥಿಗಳು ಚಳಿಯಲ್ಲಿ ನಡುಗುತ್ತ ಮಲಗಿದರೆಂದು ಮನೆಯೊಡತಿಗೆ ಬಹಳ ಬೇಜಾರಾಯಿತು. ನನ್ನ ಊಟದ ವಿಷಯದಲ್ಲಿ ಮಾತ್ರ ಆಕೆ ಗೊಂದಲಪಡಲಿಲ್ಲ. ಮಾಂಸವಿಲ್ಲ, ಗೆಡ್ಡೆಯಿಲ್ಲ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ ಎಂದಾಗ ಬ್ರೆಡ್ಡು, ಚೀಸು ಮುಂದಿಟ್ಟು, ನಾವೂ ಸಂಜೆಯೇ ಮುಗಿಸುತ್ತೇವೆ ಎಂದರು. ನಮ್ಮ ಅಜ್ಜಿ ಇದ್ದಿದ್ದರೆ ಈ ದೇಶಕ್ಕೆ ಅರ್ಧ ಅಂಕವನ್ನಾದರೂ ಕೊಡುತ್ತಿದ್ದರು.

ಹಳ್ಳಿಯ ಭಾನುವಾರ

ಮಿಸ್ಸಿಯಮ್ಮ ನಮ್ಮನ್ನು ಸೇರಿಕೊಂಡದ್ದು ಆ ಹಳ್ಳಿಯಲ್ಲಿ. ಮಿಷನ್ನಿನ ಬಿಳಿಯ ಹೆಂಗಸರನ್ನು ನಮ್ಮ ಕಡೆ ಕರೆಯುತ್ತಿದ್ದದ್ದು ಹಾಗೆ. ಇವರು ನಮ್ಮ ಜಿಲ್ಲೆಯಲ್ಲಿ ಹುಡುಗಿಯರ ಬೋರ್ಡಿಂಗ್ ನಡೆಸಿ, ನಿವೃತ್ತರಾಗಿ ಹಿಂದಿರುಗಿದವರು. ತಾಯಿ ಸತ್ತ ಸುಗುಣಳನ್ನು ಏಳನೇ ವಯಸ್ಸಿನಿಂದ ಬೆಳೆಸಿದವರು. ಪ್ರವಾಸವಿಡೀ ನಮ್ಮ ದುಭಾಷಿ ಅವರೇ. ಕಾರಿನಿಂದ ಇಳಿದವರು ಟೀಚರ ಎರಡೂ ಕೆನ್ನೆ ಹಿಡಿದು “ಎಂಚ ಉಲ್ಲ ಮಗಾ?” ಎಂದು ತುಳುವಿನಲ್ಲಿ ಕ್ಷೇಮ ಕೇಳಿದಾಗ ಟೀಚರ್ ಚೀಲದಿಂದ ಸೌತೆ ತೆಗೆದು ಕೈಗಿಟ್ಟರು. ಆಕೆ ಅದನ್ನು ಎದೆಗೆ ಒತ್ತಿಕೊಂಡು, ಅಡಿಗೆಮನೆಗೆ ಒಯ್ಯದೆ ನೇರ ಚರ್ಚಿನ ವೇದಿಗೆ ಒಯ್ದರು. ಅಂದು ಅಲ್ಲಿಯೂ ಬೆಳೆಹಬ್ಬ.

ವೇದಿಯ ಮುಂದೆ ಕುಂಬಳ, ಸೇಬು, ದ್ರಾಕ್ಷಿ, ತೆನೆಯ ಆಕಾರದ ದೊಡ್ಡ ರೊಟ್ಟಿ. ನಡುವೆ ನಮ್ಮ ಸೌತೆ. ಹಾಡು ಶುರುವಾದಾಗ ಟೀಚರ್ ಪುಸ್ತಕ ನೋಡದೆ ಕನ್ನಡದಲ್ಲಿ ಹಾಡಿದರು. ರಾಗ ಒಂದೇ.

“ನಮ್ಮ ರಾಗ ಇವರಿಗೂ ಬರ್ತದೆ ಮಾರಾಯ” ಎಂದು ನನ್ನ ಕಡೆ ಬಾಗಿ ಪಿಸುಗುಟ್ಟಿದರು. ತಮಾಷೆಗೋ ನಿಜಕ್ಕೋ ನನಗೆ ಗೊತ್ತಾಗಲಿಲ್ಲ.

ಆಶೀರ್ವಾದ ಮುಗಿಯಿತು. ಜನ ಎದ್ದು ಪಕ್ಕದ ಹಾಲಿಗೆ ಕಾಫಿಗೆ ಹೊರಟರು. ಟೀಚರ್ ಕದಲಲಿಲ್ಲ. ಏಲಂ ಕೂಗುವವರು ಬರಲಿಲ್ಲವೇ ಎಂದು ಕಾಯುತ್ತಿದ್ದರು. ನಮ್ಮ ಕಡೆ ಕೂಗುವವನು ತಡವಾದರೆ ಗೊತ್ತಿದ್ದವರು ಯಾರಾದರೂ ಎದ್ದು ಶುರುಮಾಡುತ್ತಾರೆ. ಇಲ್ಲವಾದರೆ ತಂದವರಿಗೆ ಅವಮಾನ. ಟೀಚರ್ ಎದ್ದರು. ನೇರ ವೇದಿಗೆ ಹೋಗಿ, ಸೌತೆಯನ್ನು ತಲೆಯ ಮೇಲೆತ್ತಿ, “ಒಂಜಿ ಸರ್ತಿ!” ಎಂದು ಕೂಗಿದರು.

ಬಾಗಿಲವರೆಗೆ ಹೋದವರು ತಿರುಗಿ ನಿಂತರು. ಅಯ್ಯನವರು ತಲೆ ತಗ್ಗಿಸಿದರು. ಇಲ್ಲಿ ಏಲಂ ಹಾಕುವ ಪದ್ಧತಿಯೇ ಇಲ್ಲ, ಎಲ್ಲವನ್ನೂ ವೃದ್ಧಾಶ್ರಮಕ್ಕೆ ಕಳಿಸುತ್ತಾರೆ ಎಂದು ಆಮೇಲೆ ತಿಳಿಯಿತು. ಆದರೆ ಮಿಸ್ಸಿಯಮ್ಮ ನಗುತ್ತ ಮುಂದೆ ಹೋಗಿ ಜರ್ಮನ್‌ನಲ್ಲಿ ಏನೋ ಹೇಳಿದರು. ಮಧ್ಯದ ಬೆಂಚಿನಿಂದ ಒಬ್ಬ ರೈತ ಕೈ ಎತ್ತಿದ. ಟೀಚರ್ ಅವನನ್ನು ಬಿಟ್ಟು ಅತ್ತ ಕಡೆಯ ಬೆಂಚಿನ ಇನ್ನೊಬ್ಬನನ್ನು ನೋಡಿ ಹುಬ್ಬು ಹಾರಿಸಿದರು. ಅವನು ಕೆಂಪಾದ. ಕೈ ಎತ್ತಿದ. ಆಮೇಲೆ ಇಬ್ಬರಿಗೂ ಬಿಡುವಿಲ್ಲ. ಟೀಚರ್ ಬೆರಳು ತೋರಿಸುತ್ತ, ಮಿಸ್ಸಿಯಮ್ಮ ಅಂಕೆ ಹೇಳುತ್ತ, ಚರ್ಚಿನೊಳಗೆ ನಗು ಕಟ್ಟೆಯೊಡೆಯಿತು. ಕೊನೆಗೆ ಆ ಇಬ್ಬರೂ ಪರಸ್ಪರ ನೋಡಿ ನಕ್ಕರು. ಅವರು ಅಣ್ಣತಮ್ಮಂದಿರು, ಗದ್ದೆಯ ಗಡಿಯ ಜಗಳದಲ್ಲಿ ಮಾತು ಬಿಟ್ಟವರು ಎಂದು ಮಿಸ್ಸಿಯಮ್ಮ ಆಮೇಲೆ ಹೇಳಿದರು. ಟೀಚರಿಗೆ ಅದು ಹೇಗೆ ಗೊತ್ತಾಯಿತೆಂದು ಕೇಳಿದೆ. ಇಬ್ಬರದೂ ಒಂದೇ ಮೂಗು, ಆದರೂ ಬೇರೆ ಬೇರೆ ಬೆಂಚು ಎಂದರು.

ಗೆದ್ದ ಅಣ್ಣ ಸೌತೆಯನ್ನು ಕಂಕುಳಲ್ಲಿಟ್ಟು ಕಾರಿನತ್ತ ನಡೆದ. ಟೀಚರ್ ಅವನ ಹಿಂದೆ ಬಾಗಿಲವರೆಗೆ ಹೋದರು.

“ತಿರುಗಿ ಇಡ್ಲಿಕ್ಕೆ ಹೇಳಿ ಮಿಸ್ಸಿಯಮ್ಮ. ಅದು ನಿಮಗೆ ತಂದದ್ದು.”

“ಬಿಡು ಮಗಾ. ಇಲ್ಲಿ ಕೊಂಡದ್ದು ಕೊಂಡವರದ್ದು.”

ಕಾರು ಹೋಯಿತು. ಟೀಚರ್ ಸ್ವಲ್ಪ ಹೊತ್ತು ಖಾಲಿ ಕೈಗಳನ್ನು ಸೆರಗಿಗೆ ಒರೆಸುತ್ತ ನಿಂತಿದ್ದರು.

ಮುಂದಿನ ಊರುಗಳು

ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ ಟೀಚರ ದೊಡ್ಡ ಚಿತ್ರ ಬಂತು. ತಲೆಯ ಮೇಲೆ ಸೌತೆ, ತೆರೆದ ಬಾಯಿ. ಕೆಳಗಿನ ಸಾಲನ್ನು ಮಿಸ್ಸಿಯಮ್ಮನಿಂದ ಓದಿಸಿದೆ. ಭಾರತದ ನಗುಮುಖದ ಅತಿಥಿ, ಎಂದಿತ್ತು. ರೈತನ ಹೆಸರಿತ್ತು, ಆ ಚರ್ಚಿನ ಪಾದ್ರಿಯ ಹೆಸರಿತ್ತು. ಟೀಚರ ಹೆಸರಿರಲಿಲ್ಲ. ಚಿತ್ರದ ನಡುವೆ ಇರುವವರ ಹೆಸರಿಲ್ಲದ ಸಾಲನ್ನು ನಮ್ಮ ಸುದ್ದಿಮನೆಯಲ್ಲಿ ದಾಟಿಸುತ್ತಿರಲಿಲ್ಲ. ಅದು ಶಿಷ್ಟಾಚಾರದ ಮಾತಲ್ಲ, ಕಸುಬಿನ ಮಾತು.

ಚಿತ್ರ ನಮಗಿಂತ ಮುಂದೆ ಪ್ರಯಾಣ ಮಾಡಿತು. ಮುಂದಿನ ಪಟ್ಟಣದಲ್ಲಿ ನಾವು ಇಳಿಯುವ ಹೊತ್ತಿಗೆ ಮೇಜಿನ ಮೇಲೆ ಸೇಬಿನ ಬುಟ್ಟಿ, ಜೇನಿನ ಬಾಟಲಿ, ಹೆಂಗಸರು ಹೆಣೆದ ಕಾಲುಚೀಲ ಜೋಡಿಸಿಟ್ಟಿದ್ದರು. ಟೀಚರ ಮಾತು ಕಾಫಿಯ ಮೊದಲು ಎಂದಿದ್ದದ್ದು ಕಾಫಿಯ ನಂತರಕ್ಕೆ ಹೋಯಿತು. ಕಾಫಿಯ ನಂತರ ಏಲಂ. ಏಲಂ ಆದ ಮೇಲೆ ಬಸ್ಸಿಗೆ ಹೊತ್ತಾಯಿತು. ಅದರಾಚೆಯ ಊರಿನಲ್ಲಿ ನೇರವಾಗಿಯೇ ಹೇಳಿದರು, ಜನ ಏಲಕ್ಕೆ ಬಂದಿದ್ದಾರೆ ಎಂದು. ಇವರು ಬಹಳ ಸೌಜನ್ಯದ ಜನ. ಗಾಡಿಯಿಲ್ಲದ ಖಾಲಿ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ಮುದುಕಿಯರು ಕಾದು ನಿಲ್ಲುತ್ತಾರೆ. ಕೋಣೆಗೆ ಬಂದವರು ಪ್ರತಿಯೊಬ್ಬರ ಕೈ ಕುಲುಕುತ್ತಾರೆ. ಟೀಚರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ನಿಮ್ಮ ಕೆಲಸವೇನು ಎಂದು ಒಬ್ಬರೂ ಕೇಳಲಿಲ್ಲ.

ಮೊದಮೊದಲು ಟೀಚರಿಗೂ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮೂರನೆಯ ಊರಿನಲ್ಲಿ ಏಲಕ್ಕೆ ಎದ್ದಾಗ ನಗು ತುಟಿಯಲ್ಲಷ್ಟೇ ಉಳಿದಿತ್ತು. ಅಂದು ಸಂಜೆ ಊಟದ ಮೇಜಿನಲ್ಲಿ ಅಯ್ಯನವರಿಗೆ ಕೇಳಿದರು, ಕೊನೆಯ ಸಭೆಯಲ್ಲಾದರೂ ಮೊದಲು ಮಾತು, ಆಮೇಲೆ ಏಲಂ ಎಂದು ನೀವು ಹೇಳಬೇಕು.

“ಟೀಚರ್, ಅವರಿಗೆ ಬೇಕಾದದ್ದು ಅದು” ಎಂದರು ಅಯ್ಯನವರು, ಬೆಣ್ಣೆ ಸವರುತ್ತ. “ಸಂತೋಷ ಕೊಡುವುದೂ ಒಂದು ಸೇವೆ. ಯುವಜನರ ವಿಷಯ ನಾನು ಹೇಳ್ತೇನಲ್ಲ.”

“ನೀವು ಯಾವ ಕೂಟಕ್ಕೆ ಬಂದಿದ್ದೀರಿ ಅಯ್ಯನವರೇ?”

“ಉದ್ಘಾಟನೆಗೆ ಬಂದಿದ್ದೇನೆ.”

“ಹೌದು. ಹಾರ ಹಾಕಿದ್ದು ನಾನೇ.”

ಅಯ್ಯನವರು ಕೆಟ್ಟವರಲ್ಲ. ಬರುವ ತರುಣನಿಗೆ ಸಂಸಾರ ಉಂಟು, ಟೀಚರಿಗೆ ಬೋರ್ಡಿಂಗಿನಲ್ಲಿ ಕೂಳಿಗೆ ಕೊರತೆಯಿಲ್ಲ, ಇದರಲ್ಲಿ ಅನ್ಯಾಯವೆಲ್ಲಿ ಎಂದು ನನಗೆ ಬೇರೆಯಾಗಿ ವಿವರಿಸಿದರು. ಅವರು ಅದನ್ನು ನಂಬಿದ್ದರು.

ಮಿಸ್ಸಿಯಮ್ಮನ ಮನೆ

ಕೊನೆಯ ಸಭೆಯ ಹಿಂದಿನ ದಿನ ಮಿಸ್ಸಿಯಮ್ಮ ಟೀಚರನ್ನೂ ನನ್ನನ್ನೂ ತಮ್ಮ ಮನೆಗೆ ಕರೆದರು. ಎರಡು ಕೋಣೆ. ಕಿಟಕಿಯಲ್ಲಿ ಹೂಕುಂಡದ ಕೆಳಗೆ ಒಂದು ಮಂಗಳೂರು ಹಂಚು. ಗೋಡೆಯಲ್ಲಿ ಬೋರ್ಡಿಂಗಿನ ಹುಡುಗಿಯರ ಗುಂಪುಚಿತ್ರ. ಟೀಚರ್ ಅದರ ಮುಂದೆ ನಿಂತರೆ ಮಿಸ್ಸಿಯಮ್ಮ ಹಿಂದಿನಿಂದ ಒಂದೊಂದೇ ಹೆಸರು ಹೇಳುತ್ತ ಬಂದರು. ಕೆಲವರು ತೀರಿಹೋಗಿದ್ದರು. ಮಡಂತ್ಯಾರಿನ ಸಂತೆಯಲ್ಲಿ ಈಗಲೂ ಬಳೆಯವಳು ಬರುತ್ತಾಳೆಯೇ ಎಂದು ಕೇಳಿದರು. ಅವರ ತುಳು ಈಗ ನಮ್ಮ ಮುದುಕರ ಬಾಯಲ್ಲೂ ಇಲ್ಲದ ತುಳು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯಂತೆ ಗೆರೆ ಕೆಡದೆ ಉಳಿದದ್ದು.

ಟೀಚರ್ ಕೂತರು. ಮಾರ್ಚಿನ ವಿಷಯವನ್ನು ಪೂರ್ತಿ ಹೇಳಿದರು. ಇಷ್ಟು ದಿನ ಜೊತೆಗಿದ್ದರೂ ಹೇಳಿರಲಿಲ್ಲ. ಸಭೆಯಲ್ಲಿ ಹೇಳುವ ಮಾತನ್ನು ಮಿಸ್ಸಿಯಮ್ಮನೇ ಜರ್ಮನ್‌ಗೆ ತಿರುಗಿಸಬೇಕಾದ್ದರಿಂದ ಈಗಲೇ ತಿಳಿದಿರಲಿ ಎಂದರು. ಮಾತು ತುಳುವಿನಲ್ಲಿ ನಡೆಯಿತು, ಕನ್ನಡದಲ್ಲಿ ಕೊಡುತ್ತಿದ್ದೇನೆ.

ಮಿಸ್ಸಿಯಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು, “ನಾವು ಬಿಟ್ಟು ಬಂದದ್ದು ಯಾಕೆ ಮಗಾ?”

“ನಾವೇ ನಡೆಸಲಿ ಅಂತ.”

“ಹೌದಲ್ಲ? ಈಗ ಇಲ್ಲಿಂದ ಒಂದು ಮಾತು ಹೋದರೆ, ಬಿಳಿಯರು ಇನ್ನೂ ಹುಕುಂ ಮಾಡ್ತಾರೆ ಅಂತ ಆಗುವುದಿಲ್ಲವಾ? ಇಲ್ಲಿಯ ಹಿರಿಯರಿಗೆ ಅದೇ ಹೆದರಿಕೆ. ನನಗೂ. ನಿಮ್ಮದು ನೀವೇ ಸರಿಮಾಡಿಕೊಳ್ಳಬೇಕು.”

“ಆ ನೀವು ಅನ್ನುವವರಲ್ಲಿ ನಾನಿಲ್ಲ ಮಿಸ್ಸಿಯಮ್ಮ. ಸಮಿತಿಯ ಕೋಣೆಗೆ ನಾನು ಹೋಗುವುದು ಚಾ ಕೊಡ್ಲಿಕ್ಕೆ.”

“ಅತಿಥಿಯಾಗಿ ಬಂದು ಮನೆಯ ದೂರು ಹೇಳಬಾರದು ಮಗಾ. ನಿನಗೆ ನಾನೇ ಕಲಿಸಿದ್ದು.”

ಟೀಚರ್ ಗುಂಪುಚಿತ್ರದ ಕಡೆ ನೋಡಿದರು. “ಕಲಿಸಿದ್ದೀರಿ” ಎಂದರು.

ಆಮೇಲೆ ಮಿಸ್ಸಿಯಮ್ಮ ಅಕ್ಕಿ ಬೇಯಿಸಿ ಬಡಿಸಿದರು. ಸೌತೆ ಇದ್ದಿದ್ದರೆ ಹುಳಿ ಮಾಡಬಹುದಿತ್ತು ಎಂದು ಒಂದಲ್ಲ ಎರಡು ಸಲ ಹೇಳಿದರು.

ಕೊನೆಯ ಸಭೆ

ನಗರದ ಆ ಹಾಲ್ ದೊಡ್ಡದು. ಉದ್ದುದ್ದ ಮೇಜುಗಳು, ಮೇಜಿನ ಮೇಲೆ ಮೇಣದ ಬತ್ತಿ, ಸೇಬಿನ ಕೇಕು. ಮುಂದಿನ ಸಾಲಿನಲ್ಲಿ ಹಿರಿಯರ ಮಂಡಳಿ. ಟೀಚರ್ ಹಸಿರು ಅಂಚಿನ ಬಿಳಿ ಸೀರೆ ಉಟ್ಟಿದ್ದರು, ಬೆಳೆಹಬ್ಬಕ್ಕೆ ಉಡುವ ಸೀರೆ.

ಅಯ್ಯನವರು ಇಂಗ್ಲಿಷಿನಲ್ಲಿ ಮಾತಾಡಿದರು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಯುವಜನರ ವಿಷಯ ಚೆನ್ನಾಗಿಯೇ ಹೇಳಿದರು. ನೆರೆಯ ವರ್ಷದ ಗಂಜಿಯ ಕಥೆಯೂ ಬಂತು. “ನಮ್ಮ ಸಹೋದರಿ ಸುಗುಣ ಇದರಲ್ಲಿ ಸಹಾಯ ಮಾಡಿದ್ದಾರೆ” ಎಂದು ಒಂದು ವಾಕ್ಯ. ಮಾತು ಮುಗಿದಾಗ ಜನ ಚಪ್ಪಾಳೆ ತಟ್ಟಲಿಲ್ಲ. ಬೆರಳ ಗೆಣ್ಣುಗಳಿಂದ ಮೇಜು ಬಡಿದರು. ಮೆಚ್ಚಿದರೆ ಇಲ್ಲಿ ಹಾಗೆ ಮಾಡುವುದಂತೆ. ಹಾಲಿನ ತುಂಬ ಮರದ ಸದ್ದು.

ಅಧ್ಯಕ್ಷರು ಎದ್ದು ಗಡಿಯಾರ ನೋಡಿದರು. ಮಿಸ್ಸಿಯಮ್ಮ ಟೀಚರಿಗೆ ತಿರುಗಿಸಿ ಹೇಳಿದರು: ಹೊತ್ತು ಕಡಿಮೆ ಉಂಟು, ಮಾತಿನ ವಿಷಯ ಅಯ್ಯನವರು ಹೇಳಿ ಆಯಿತು, ಜನ ಏಲಕ್ಕೆ ಕಾಯುತ್ತಿದ್ದಾರೆ. ಯಾರೋ ತೆನೆಯ ಆಕಾರದ ರೊಟ್ಟಿಯನ್ನು ತಂದು ಟೀಚರ ಮುಂದಿಟ್ಟರು.

ಟೀಚರ್ ರೊಟ್ಟಿಯನ್ನು ನೋಡಿದರು. ಹಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು, ಅಂಗಳದಲ್ಲಿ ನೋಡುವ ಹಾಗೆಯೇ. ರೊಟ್ಟಿಯನ್ನು ತಲೆಯ ಮೇಲೆತ್ತಿದರು. ತುಳುವಿನಲ್ಲಿ ಶುರುಮಾಡಿದರು. ಏಲಂ ಕೂಗುವ ಅದೇ ಧ್ವನಿ, ಅದೇ ಎಳೆತ, ಅದೇ ಕೈ. ಆದರೆ ಹೇಳಿದ್ದು ಏಲದ ಮಾತಲ್ಲ. ವರದಿಗಾರನಾಗಿ ಬಂದವನು ನಾನು. ಅಂದು ಅನುವಾದವಾಗದೆ ಹೋದದ್ದನ್ನು ನನ್ನ ಬರಹದಲ್ಲಾದರೂ ದಾಖಲಿಸಬೇಕು. ಅವರು ಹೇಳಿದ್ದು ಇದು.

“ನನ್ನ ಹೆಸರು ಸುಗುಣ. ಯಾರಿಗೂ ಗೊತ್ತಿಲ್ಲ. ಒಂಜಿ ಸರ್ತಿ!”

ಮೂರು ಕೈಗಳು ಮೇಲೆದ್ದವು. ಮಿಸ್ಸಿಯಮ್ಮ ಟೀಚರ ಪಕ್ಕದಲ್ಲಿ ನಿಂತಿದ್ದರು. ಒಂದು ಕ್ಷಣ ತಡೆದು, ಜರ್ಮನ್‌ನಲ್ಲಿ ಅಂಕೆ ಹೇಳಿದರು.

“ಬಂಟ್ವಾಳದಲ್ಲಿ ಬೀಡಿ ಕಟ್ಟುವ ಹುಡುಗಿಯರು ನನ್ನ ದಾರಿ ಕಾಯ್ತಾರೆ. ಅವರ ಬೆರಳು ಹಳದಿಯಾಗಿ ಉಂಟು. ಮನೆಯಲ್ಲಿ ಹೇಳಲಿಕ್ಕಾಗದ್ದನ್ನು ನನ್ನ ಹತ್ತಿರ ಹೇಳ್ತಾರೆ. ನಾಳೆ ಗಂಡಸು ಪಾದ್ರಿಯ ಹತ್ತಿರ ಹೇಳ್ತಾರಾ? ಹೇಳುವುದಿಲ್ಲ. ರಡ್ಡ್ ಸರ್ತಿ!”

ನಗು. ಹಿಂದಿನ ಮೇಜಿನಿಂದ ಒಬ್ಬಳು ಎದ್ದು ನಿಂತೇ ಕೈ ಬೀಸಿದಳು. ಅಂಕೆ ಏರಿತು.

“ಬೆಳ್ತಂಗಡಿಯ ಹುಡುಗರಿಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಲಿಕ್ಕೆ ಕಲಿಸಿದ್ದು ನಾನು. ನನ್ನ ಕೆಲಸಕ್ಕೆ ಬರುವ ಹುಡುಗನೂ ನನ್ನ ಕೂಟದಲ್ಲೇ ಕಲಿತದ್ದು. ಒಳ್ಳೆಯ ಹುಡುಗ. ನನ್ನನ್ನು ಅಡಿಗೆಗೆ ಹಾಕ್ತಾರೆ. ಅಡಿಗೆ ಕೆಟ್ಟದ್ದಲ್ಲ. ಆದರೆ ನನ್ನ ಕೆಲಸ ಅದಲ್ಲ. ಇವಳು ಅಲ್ಲೇ ಇರಲಿ ಅಂತ ನೀವು ಒಂದು ಮಾತು ಹೇಳಿದರೆ ಸಾಕು. ಹೇಳುವವರು ಯಾರುಂಟು? ಇಷ್ಟು ಜನರಲ್ಲಿ ಒಬ್ಬರು?”

ಹಾಲಿಡೀ ಕೈಗಳು. ಹಿರಿಯರ ಮಂಡಳಿಯವರೂ ಕೈ ಎತ್ತಿದ್ದರು. ಅಧ್ಯಕ್ಷರು ನಗುತ್ತ ಎರಡೂ ಕೈ ಎತ್ತಿದ್ದರು. ಅಯ್ಯನವರು ತಮ್ಮ ಕೇಕಿನ ತಟ್ಟೆಯನ್ನೇ ನೋಡುತ್ತಿದ್ದರು. ತುಳು ಬರುತ್ತಿದ್ದದ್ದು ಆ ಹಾಲಿನಲ್ಲಿ ನಾಲ್ವರಿಗೆ. ಮಿಸ್ಸಿಯಮ್ಮನ ಧ್ವನಿ ಅಲ್ಲಿ ನಿಂತುಹೋಯಿತು. ಟೀಚರ್ ಅವರ ಕಡೆ ತಿರುಗಿದರು. ಅವಸರ ಮಾಡಲಿಲ್ಲ, ರೊಟ್ಟಿ ಹಿಡಿದ ಕೈ ಇಳಿಸಲೂ ಇಲ್ಲ. ಈಗಲೂ ತಿರುಗಿಸಿ ಹೇಳಲು ಹೊತ್ತಿತ್ತು. ಮಿಸ್ಸಿಯಮ್ಮ ಕನ್ನಡಕ ತೆಗೆದರು, ಹಾಕಿಕೊಂಡರು, ಅಂಕೆ ಹೇಳಿದರು.

“ಮೂಜಿ ಸರ್ತಿ” ಎಂದರು ಟೀಚರ್. ಅದನ್ನು ಅವರು ಕೂಗಲಿಲ್ಲ.

ರೊಟ್ಟಿ ಅಧ್ಯಕ್ಷರಿಗೆ ಹೋಯಿತು. ಜನ ಬಹಳ ಹೊತ್ತು ಮೇಜು ಬಡಿದರು.

ಫರಂಗಿಪೇಟೆ ದಾಟಿ

ಮಾರ್ಚಿನಲ್ಲಿ ತೀರ್ಮಾನ ಜಾರಿಗೆ ಬಂತು. ತರುಣ ಪಾದ್ರಿ ಮೋಟಾರ್ ಸೈಕಲಿನಲ್ಲಿ ಊರೂರು ಸುತ್ತುತ್ತಿದ್ದಾರೆ, ಶ್ರಮಜೀವಿ. ಬಂಟ್ವಾಳದ ಕೂಟಕ್ಕೆ ಈಗ ಹುಡುಗಿಯರು ಕಡಿಮೆ ಎಂದು ಅವರೇ ಬೇಸರದಿಂದ ಹೇಳಿದರು. ಕೂಟದಲ್ಲಿ ಏಲಂ ಇಲ್ಲ. ಹೊತ್ತು ಹಾಳು ಎಂದು ನಿಲ್ಲಿಸಿದ್ದಾರೆ. ಟೀಚರ್ ಬೋರ್ಡಿಂಗಿನಲ್ಲಿ ಅಕ್ಕಿ ಅಳೆದು ಕೊಡುತ್ತಾರೆ. ನಾನು ಹೋದರೆ ಚಾ ಕೊಡುತ್ತಾರೆ, ಜರ್ಮನಿಯ ಮಾತೆತ್ತುವುದಿಲ್ಲ.

ಆ ಮಾತು ನಾನು ಅವರ ಬಾಯಲ್ಲಿ ಕೇಳಿದ್ದು ಒಂದೇ ಸಲ, ನಾವು ಹಿಂದಿರುಗಿದ ದಿನ. ಅಯ್ಯನವರನ್ನು ಮಂಗಳೂರಿನಲ್ಲಿ ಬಿಟ್ಟು ನಾವಿಬ್ಬರು ಬಂಟ್ವಾಳದ ಬಸ್ಸು ಹತ್ತಿದ್ದೆವು. ಅಲ್ಲಿ ಕೂಟದವರು ಟೀಚರಿಗೆ ಕಾಯುತ್ತಿದ್ದರು, ಅವರನ್ನು ಮುಟ್ಟಿಸಿ ನಾನು ಮೂಡಬಿದಿರೆಗೆ ಹೋಗುವವನು. ಫರಂಗಿಪೇಟೆಯಲ್ಲಿ ಬೀಡಿಯ ಬುಟ್ಟಿ ಹಿಡಿದ ಹುಡುಗಿಯೊಬ್ಬಳು ಹತ್ತಿದಳು. ಕೂಟದವಳು, ಲೀಲಾವತಿ. ಟೀಚರನ್ನು ಕಂಡು ಬುಟ್ಟಿಯನ್ನು ನನ್ನ ಮಡಿಲಿಗೆ ಹಾಕಿ ಅವರ ಪಕ್ಕದಲ್ಲಿ ತುರುಕಿ ಕೂತಳು. ಚಳಿ ಇತ್ತಾ, ಅನ್ನ ಸಿಕ್ಕಿತಾ, ಮಿಸ್ಸಿಯಮ್ಮ ಅತ್ತರಾ ಎಂದು ಒಂದೇ ಉಸಿರಿಗೆ ಕೇಳಿದಳು. ಆಮೇಲೆ ದನಿ ತಗ್ಗಿಸಿದಳು.

“ಭಾಷಣ ಮಾಡಿದ್ರಾ ಟೀಚರ್? ನಮ್ಮ ವಿಷಯ?”

“ಮಾಡಿದೆ.”

“ಜನ ಇದ್ರಾ?”

“ಹಾಲ್ ತುಂಬ.”

“ಟೀಚರೇ ಇರಲಿ ಅಂದ್ರಾ ಅವರು?”

ಬಸ್ಸು ನೇತ್ರಾವತಿಯ ಪಕ್ಕಕ್ಕೆ ತಿರುಗಿತು. ಟೀಚರ್ ಹುಡುಗಿಯ ಹಳದಿ ಬೆರಳುಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

“ಎಲ್ಲರೂ ಕೈ ಎತ್ತಿದ್ರು ಮಗಾ” ಎಂದರು.